ಒರೆ

ನೋಡಲು ಬಂದವರೆಲ್ಲ ಮೊದಲು ಹಿಡಿಗೇ ಕೈ ಹಾಕುತ್ತಾರೆ.
ಸರ್ರನೆ ಎಳೆದು, ಅಲಗಿನ ಮೇಲೆ ಹೆಬ್ಬೆರಳು ಸವರಿ
"ಎಷ್ಟು ಜನರ ರಕ್ತ ಕುಡಿದಿದೆಯೋ" ಎನ್ನುತ್ತಾರೆ.
ಒರೆ ನನ್ನ ಕೈಗೆ ಬರುತ್ತದೆ.
ಮದುವೆಮನೆಯಲ್ಲಿ ಯಾರದೋ ಕೂಸನ್ನು
ಎತ್ತಿಕೊಂಡು ನಿಂತವನ ಹಾಗೆ ನಿಲ್ಲುತ್ತೇನೆ.

ಅಶೋಕಪುರಂ. ರೈಲ್ವೆ ವರ್ಕ್‌ಶಾಪಿನ ಸೈರನ್ನು
ಕಿಟಕಿಯ ಸರಳಿಗೆ ತಾಗುವಷ್ಟು ಹತ್ತಿರ.
ಹತ್ತಕ್ಕೆ ಹನ್ನೆರಡಡಿ ಕೋಣೆ, ಇಪ್ಪತ್ತಮೂರು ಕತ್ತಿ,
ಹತ್ತೊಂಬತ್ತು ಒರೆ.
ಲೆಕ್ಕ ತಪ್ಪಿಲ್ಲ, ನಾಲ್ಕು ಬೆತ್ತಲೆ ಬಂದವು.

ಮೊದಲನೆಯದು ಇದ್ರೀಸನದು, ಸುಡಾನಿನ ಕಸ್ಕರಾ.
ಎಂಬತ್ತಾರರಲ್ಲಿ ಗಂಗೋತ್ರಿಯಲ್ಲಿ ಕಲ್ಲುಗಳ ಶಾಸ್ತ್ರ ಓದುತ್ತಿದ್ದ.
ಸರಸ್ವತಿಪುರದಲ್ಲಿ ಅವನಿಗೆ ಮನೆ ಸಿಗಲಿಲ್ಲ.
ನಮಗೂ ಸಿಗುತ್ತಿರಲಿಲ್ಲ.
ನಮ್ಮ ಮಹಡಿ ಕೋಣೆಗೆ ಬಂದ, ಮೂರು ತಿಂಗಳ ಬಾಡಿಗೆ ಉಳಿಸಿಕೊಂಡ,
ಹೊರಟ ದಿನ ಹಾಸಿಗೆ ಸುರುಳಿಯಿಂದ ಇದನ್ನು ತೆಗೆದು
ಮಾರ್ಕೆಟ್ಟಿನಲ್ಲಿ ಕಲಿತ ಕನ್ನಡದಲ್ಲಿ ಹೇಳಿದ:
"ಮಾರಿಲ್ಲ. ಅಡ ಇಟ್ಟೆ. ಬಿಡಿಸ್ಕೊಳ್ತೀನಿ."

ಅಪ್ಪ ಆಗಿನ್ನೂ ಇದ್ದ. ಲಾಯದ ಕುದುರೆಗಳಿಗೆ ಜೀನು ಹೊಲಿದ ಕೈ.
ಕತ್ತಿಯನ್ನು ಪಕ್ಕಕ್ಕಿಟ್ಟು ಒರೆಯನ್ನು ಮೂಸಿದ.
"ಮೊಸಳೆ ಅಂದನೇ? ಉಡ ಕಣೋ ಇದು."
ಹೊಲಿಗೆಯ ಮೇಲೆ ಉಗುರು ಓಡಿಸಿದ.
"ಎಡಚ. ನೋಡು, ಇಲ್ಲಿ ದಾರ ಸಾಲದೆ ಹೋಗಿದೆ,
ಗಂಟನ್ನು ನಾಚಿಕೊಂಡು ಒಳಗೆ ತಳ್ಳಿದಾನೆ."
ಕಾಣದ ಊರಿನ ಕಾಣದ ಮನುಷ್ಯನ ಜೊತೆ
ಅರ್ಧ ಗಂಟೆ ಕೂತಿದ್ದ, ಬೀಡಿ ಆರಿದ್ದೂ ತಿಳಿಯದೆ.
ಅಲಗಿನ ಬಗ್ಗೆ ಒಂದು ಮಾತಿಲ್ಲ.

ಒಂದೇ ಇದ್ದರೆ ಬೇಸರ ಅದಕ್ಕೆ ಎಂದು ಇನ್ನೊಂದು ತಂದೆ.
ಹಾಗೆ ಶುರುವಾಯಿತು.
ಓಟಿ ದುಡ್ಡು, ಪಿಎಫ್ ಸಾಲ, ಒಮ್ಮೆ ಒಂದು ಸ್ಕೂಟರು.
ಇಥಿಯೋಪಿಯಾದ ಶೋಟೆಲ್ ಬಿಚ್ಚಿದಾಗ ಪುಟ್ಟತಾಯಿ
ಅದರ ಬಾಗನ್ನು ನೋಡಿ, "ಮಾಡಿದವನು ರಾಗಿ ಕುಯ್ದವನೇ ಸೈ" ಎಂದಳು.
ಸ್ಕೂಟರಿನ ಮಾತು ಆಮೇಲೆ ಎತ್ತಿದಳು.

ಓದುತ್ತ ತಿಳಿಯಿತು: ಅಲಗು ಎಷ್ಟೋ ಸಲ
ಜರ್ಮನಿಯ ಕುಲುಮೆಯದು. ಹಡಗು ಹತ್ತಿ, ಒಂಟೆ ಹತ್ತಿ,
ಕೈ ಬದಲಾಗಿ, ಹೆಸರು ಬದಲಾಗಿ ಬಂದದ್ದು.
ಒರೆ ಮಾತ್ರ ಆ ಊರಿನ ಆಡು, ಆ ಊರಿನ ಎಣ್ಣೆ,
ಆ ಊರಿನ ಮರದ ತೊಗಟೆಯ ಬಣ್ಣ.

ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ.
ಹಳೇ ಪಂಚೆಯ ತುಂಡಿನಲ್ಲಿ ಒರೆಗಳನ್ನು ಒರೆಸುತ್ತ
ಭಾನುವಾರಗಳು ಹೋಗುತ್ತವೆ.
ಬೆತ್ತಲೆಯವಕ್ಕೆ ಹೊಲಿಯೋಣವೆಂದು
ಅಪ್ಪನ ರಂಪಿಗೆ ತೆಗೆದೆ. ಮೂರು ಸಲ ಹೊಲಿದೆ, ಮೂರು ಸಲ ಬಿಚ್ಚಿದೆ.
ಫಿಟ್ಟರ್ ಕೈ ನನ್ನದು. ಅಳತೆ ನೂಲಿನಷ್ಟೂ ತಪ್ಪುವುದಿಲ್ಲ,
ಚರ್ಮ ಮಾತು ಕೇಳುವುದಿಲ್ಲ.

ಆಯುಧಪೂಜೆಗೆ ರಂಪಿಗೆಯನ್ನೂ ಸಾಲಿನಲ್ಲಿಡುತ್ತೇನೆ.
ಎಲ್ಲಕ್ಕೂ ಕುಂಕುಮ, ಇದ್ರೀಸನದಕ್ಕೆ ಇಲ್ಲ.
ಅಡದ ಮಾಲು, ಬರೀ ಒರೆಸಿಡಬೇಕು.

ಟಿವಿಯಲ್ಲಿ ಅವನ ದೇಶದ ಹೊಗೆ ಕಂಡ ರಾತ್ರಿ
ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡೆ.
ಮೂವತ್ತೇಳು ವರ್ಷ ಕಣ್ಣಿಗೆ ಬೀಳದ್ದು ಬಿತ್ತು:
ಹೆಗಲ ಪಟ್ಟಿಯಲ್ಲಿ, ಇದ್ದ ತೂತುಗಳಿಂದ ಗೇಣು ಮೇಲೆ,
ಮೊಳೆಯಲ್ಲಿ ಹೊಡೆದ ಇನ್ನೊಂದು, ಸೊಟ್ಟಗೆ,
ಏಳೆಂಟು ವರ್ಷದ ಹುಡುಗನ ಹೆಗಲಿನ ಅಳತೆಗೆ.