ರಸಮಟ್ಟ

ಮೊದಲು ನನಗೆ ಅನುಮಾನ ಬಂದದ್ದು ನೆಲದ ಮೇಲೆ.
ಕಾಸ್ತ್ರೋದ ಕಡಲಂಚಿನಲ್ಲಿ
ಮರದ ಕಂಬಗಳ ಮೇಲೆ ನಿಂತ ಮನೆ ನಮ್ಮದು.
ಭರತ ಬಂದರೆ ಕೆಳಗೆ ನೀರು,
ಇಳಿದರೆ ಕೆಸರು, ಚಿಪ್ಪು, ಹಳೆಯ ದೋಣಿಯ ಪಕ್ಕೆಲುಬು.
ಒಂದು ಕಂಬ ಕುಸಿದಿರಬೇಕು, ಅದಕ್ಕೇ ಮಗಳು
ಅಡುಗೆಮನೆಗೆ ಹೊರಟಾಗಲೆಲ್ಲ
ಎಡಗಡೆಯ ಚೌಕಟ್ಟಿಗೆ ಭುಜ ತಾಗಿಸುತ್ತಾಳೆ.

ನಾನು ಬಡಗಿ. ರಸಮಟ್ಟ ಇಟ್ಟು ನೋಡಿದೆ
ಹಜಾರದಲ್ಲಿ, ಹೊಸ್ತಿಲಲ್ಲಿ, ಅವಳ ಮಂಚದ ಕೆಳಗೆ.
ಗುಳ್ಳೆ ಎಲ್ಲ ಕಡೆಯೂ ನಟ್ಟನಡುವೆ
ಅಲುಗದೆ ಕೂತಿತ್ತು.

ಬೆಳಿಗ್ಗೆ ವಾಂತಿ, ಹೊಟ್ಟೆಯಲ್ಲಿ ಏನೂ ಇರದಾಗಲೇ.
ಮುಗಿದ ಮೇಲೆ ಬ್ರೆಡ್ಡು ಕೇಳುತ್ತಾಳೆ, ನಗುತ್ತಾಳೆ ಕೂಡ.
"ಲೆಕ್ಕದ ಪರೀಕ್ಷೆ ಇರಬೇಕು" ಅಂದಳು ಅತ್ತೆ ಹೊವಿತಾ,
ಆರು ಮಕ್ಕಳನ್ನು ಶಾಲೆಗೆ ಅಟ್ಟಿದವಳು,
ನೆಪಗಳ ಜಾಡು ಬಲ್ಲವಳು.
ಪುದೀನ ಕುದಿಸಿ ಕೊಟ್ಟಳು. ನಾವೂ ನಂಬಿದೆವು.
ಆಮೇಲೆ ಒಂದು ಭಾನುವಾರ ಬಂತು.
ಭಾನುವಾರಕ್ಕೆ ಯಾವ ಪರೀಕ್ಷೆ?

ತಲೆ ಒಂದಿಷ್ಟು ವಾರೆ ಮಾಡಿ ನನ್ನನ್ನು ನೋಡುತ್ತಿದ್ದಳು,
ಗಿಣಿ ಮಾತು ಕೇಳುವ ಹಾಗೆ.
ಮುದ್ದು ಅಂದುಕೊಂಡೆ. ದೇವರೇ,
ಮುದ್ದು ಅಂದುಕೊಂಡು ಫೋಟೋ ತೆಗೆದೆ.
"ಅಪ್ಪಾ, ನಿನ್ನ ಸುತ್ತಿಗೆ ಎರಡಾಗಿದೆ" ಅಂದಳು ಒಂದು ಸಂಜೆ.
ಇದ್ದದ್ದು ಒಂದೇ.

ಕ್ಲಿನಿಕ್ಕಿನಲ್ಲಿ ನಾಲ್ಕು ಸಲ ಹೊಟ್ಟೆಯ ಔಷಧಿ ಕೊಟ್ಟರು.
ಐದನೆಯ ಸಲ ಕೂತಿದ್ದವಳು ಹೊಸಬಳು, ಡಾಕ್ಟರ್ ಕಾರ್ಕಾಮೊ.
ಅವಳು ಹೊಟ್ಟೆ ಮುಟ್ಟಲೇ ಇಲ್ಲ.
"ತಲೆನೋವು ಯಾವ ಹೊತ್ತಿಗೆ? ಎದ್ದ ಕೂಡಲೇನಾ?
ಶಾಲೆಯ ನೋಟ್‌ಬುಕ್ ತಂದಿದ್ದೀರಾ?"
ಮಾರ್ಚಿನ ಅಕ್ಷರಗಳು ಗೆರೆಯ ಮೇಲೆ
ತಂತಿಗೆ ಕೂತ ಹಕ್ಕಿಗಳ ಹಾಗೆ.
ಆಗಸ್ಟಿನವು ಒಂದೊಂದಾಗಿ ಜಾರಿ
ಪುಟದ ತಳಕ್ಕೆ ಬೀಳುತ್ತಿದ್ದವು.
ನಮ್ಮ ಮೇಜಿನ ಮೇಲೇ ಇದ್ದ ಪುಸ್ತಕ.
ವಾರವಾರ ಸಹಿ ಹಾಕಿದ್ದು ನಾನು.

ಆಮೇಲೆ ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿ
"ಇದರ ಮೇಲೆ ನಡೆದು ಬಾ ಮಾಗಾಲಿ" ಅಂದಳು.
ಪಟ್ಟಿ ನೇರವಿತ್ತು. ನೆಲ ಮಟ್ಟಸವಾಗಿತ್ತು.
ಅಷ್ಟು ಹೇಳಬಲ್ಲೆ, ಅದು ನನ್ನ ಕಸುಬು.
ಮೂರನೆಯ ಹೆಜ್ಜೆಗೆ ನನ್ನೊಳಗಿನ ಗುಳ್ಳೆ
ಸರಕ್ಕನೆ ಒಂದು ಕೊನೆಗೆ ಸರಿದು
ಅಲ್ಲೇ ನಿಂತಿತು.

ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದಳು.
ಬೆನ್ನು ತಿರುಗಿಸಿ ಫೋನ್ ಎತ್ತಿದಳು, ದನಿ ತಗ್ಗಿಸಿ.
"ಇವತ್ತೇ" ಅನ್ನುವುದಷ್ಟೇ ಕೇಳಿಸಿತು.

ರಾತ್ರಿ ಪ್ಯೂರ್ತೊ ಮೊಂಟ್‌ಗೆ ಹೊರಟ ಆಂಬುಲೆನ್ಸು
ಜಲಸಂಧಿ ದಾಟುವ ಹಡಗನ್ನೇರಿತು.
ಗಾಳಿ ಜೋರಿತ್ತು. ನರ್ಸು ಕಂಬಿ ಹಿಡಿದಳು,
ಡ್ರೈವರು ಹಿಡಿದ, ನಾನೂ ಹಿಡಿದೆ.
ಒಬ್ಬರಿಗೂ ನೆಟ್ಟಗೆ ನಿಲ್ಲಲಾಗದ
ಆ ಅರ್ಧ ಗಂಟೆ
ನನ್ನ ಮಗಳು ಎಲ್ಲರಂತೆಯೇ ಇದ್ದಳು.