ಹೆಚ್ಚಿನ ಮೂರು ಬಟ್ಟು

ಉಬ್ಬಿದ ಜಾಗಾದಾಗ ರೋಗ ಇರೂದಿಲ್ರಿ ಸಾಹೇಬ್ರ,
ಗ್ವಾಡಿ ಬುಡಕ್ಕ ಇರತೈತಿ.
ಇಲ್ಲಿ ತುಳಿದ್ರ ಅಲ್ಲೇಳತೈತಿ,
ಅಲ್ಲಿ ಕುರ್ಚಿ ಇಟ್ರ ಬಾಗಲದಾಗ ಬಂದು ಕುಂದರತೈತಿ.
ಇಸ್ತ್ರಿ ಪೆಟಗಿ ತಂದು ತಿಕ್ಕಿದವರು ಯಾರು?
ಇಕಾ ನೋಡ್ರಿ, ಸುಟ್ಟ ಗುರುತು,
ಪಡ್ಡಿನ ಹಂಚಿನಷ್ಟು.

ಗದಗಿನ ಸಹಕಾರಿ ಬ್ಯಾಂಕು, ಮ್ಯಾಲಿನ ಮಜಲಿ,
ನಿರ್ದೇಶಕರ ಕೋಣಿ.
ಗ್ವಾಡಿಯಿಂದ ಗ್ವಾಡಿಗೆ ಕೆಂಪು ಕಾರ್ಪೆಟ್ಟು,
ನಡುವ ಮೂರು ತೆರಿ,
ರಂಟಿ ಹೊಡದ ಹೊಲಧಾಂಗ.
ನಾಡದು ವಾರ್ಷಿಕ ಸಭೆ.
ಹ್ವಾದ ವರ್ಷ ಇಲ್ಲೇ ಎಡವಿದ್ರಂತ ಆಡಿಟರು,
ಎಲ್ಲಾ ಲೆಕ್ಕಾ ಚೆಲ್ಲಾಪಿಲ್ಲಿ, ಅಂದು ನಕ್ಕ ಮ್ಯಾನೇಜರು,
ನಕ್ಕು, ಬಾಗಲಾ ಎಳಕೊಂಡು ಹ್ವಾದ.

ಪರಸ್ಯಾ, ಮೊದಲ ಟೇಬಲ್ಲು ಹೊರಗ ಹಾಕು.
ಎಳೀಬ್ಯಾಡ, ಎತ್ತು.
ಎಳದೆಳದ ಇದಕ್ಕ ಈ ಗತಿ ಬಂದೈತಿ.
ಇಕ್ಕಳದಿಂದ ಮೂಲಿ ಹಿಡಿ,
ಕೂಸಿನ ಗಾಯದ ಪಟ್ಟಿ ಬಿಚ್ಚಿದಂಗ ಬಿಚ್ಚು,
ಒಮ್ಮಿಗೇ ಹರೀಬ್ಯಾಡ.

ಮೊಳಿಪಟ್ಟಿ ಕಟಿಗಿ ಮೆತ್ತಗಾಗಿತ್ತು,
ಕಿಡಕಿಯಿಂದ ಮಳಿ ಹೊಕ್ಕಿದ್ದು ಯಾವ ವರ್ಷದ್ದೋ.
ಸಡಲಾದ ವಸಡಿನಂಗ
ಒಂದು ಮೊಳಿ ಹಿಡದ್ರ ಒಂದು ಹಿಡೀತಿರಲಿಲ್ಲ.
ಕೆಳಗ ಧೂಳು, ಅಡಕಿ ಚೂರು, ಒಂದು ಗುಂಡುಸೂಜಿ,
ಯಾರದೋ ಸಹಿ ಇದ್ದ ಅರ್ಧ ಚೀಟಿ.
ಓದಲಿಲ್ಲ. ಅಪ್ಪ ಕಲಿಸಿದ್ದು ಎರಡ ಮಾತು:
ಕತ್ತರಿ ಕಡೀಗೆ ಹಿಡಿ,
ಕೆಳಗ ಸಿಕ್ಕದ್ದು ಕೆಳಗ ಬಿಡು.
ಗುಂಡುಸೂಜಿ ಮಾತ್ರ ತಗದೆ.
ಬರಿಗಾಲಾಗ ಬರೂ ಮಂದಿನೂ ಇರತಾರ.

ರಾತ್ರಿಯೆಲ್ಲಾ ಫ್ಯಾನ್ ಹಚ್ಚಿ ಒಣಗಿಸಿ,
ಹೊಸಾ ಪಟ್ಟಿ ಬಡದು,
ಮುಂಜಾನೆ ಒದಿಯೂ ಕೆಲಸಾ ಚಾಲೂ.
ಹಲ್ಲಿನ ಕಬ್ಬಿಣ ಮುಂದ, ಮೆತ್ತಿ ಹಿಂದ,
ಮೆತ್ತಿಗೆ ನನ್ನ ಬಲಮೊಣಕಾಲಿನ ಚಿಪ್ಪು.
ಒದ್ದೆ. ಒಂದು ನೂಲು ಸರೀತು.
ಒದ್ದೆ. ಇನ್ನೊಂದು ನೂಲು.
ಇಪ್ಪತ್ತೆರಡು ವರ್ಷ ಹಿಂಗ ಒದ್ದು ಒದ್ದು
ನಮಾಜಿಗೆ ಈಗ ಕುರ್ಚಿ ಬೇಕು ನನಗ.
ಫುಟ್‌ಬಾಲ್ ಆಡತಿದ್ರೇನು, ಅಂತ ಕೇಳಿದ ಡಾಕ್ಟರು.
ಹೂಂ ಅಂದೆ.

ತೆರಿ ಒಂದೊಂದ ಗ್ವಾಡಿ ಕಡೆ ಹ್ವಾದ್ವು.
ಅಂಚಿಗೆ ಬಂದು ನಿಂತದ್ದು
ಮೂರು ಬಟ್ಟು ಹೆಚ್ಚಿನ ಅರಿವಿ.
ಮೂವತ್ತು ಫೂಟಿನ ಕೋಣ್ಯಾಗ ಇಷ್ಟು ದಿನ
ಎಲ್ಲಾರ ಕಾಲಾಗ ಅಡ್ಡಾಡಿದ್ದು
ಇಷ್ಟ ಇದು.
ಕೊರದು ತಗದೆ. ಒಗೀಲೇನು, ಅಂದ ಪರಸ್ಯಾ.
ಬ್ಯಾಡೋ, ನಮ್ಮ ಮನ್ಯಾಗ ಹೊಲಿಗಿ ಮಷಿನ್ನು ಅಳ್ಳಾಡತೈತಿ.

ಅಂಗೈ ಆಡಿಸಿದೆ ಈ ಗ್ವಾಡಿಯಿಂದ ಆ ಗ್ವಾಡಿತನಕ:
ತಾಟಿನ ತಳಾ.

ಅಷ್ಟರಾಗ ಫಕೀರವ್ವ ಚಾ ತಂದಳು,
ಹದಿನಾಲ್ಕು ವರ್ಷ ಈ ಕೋಣಿ ಕಸಾ ಹೊಡದಾಕಿ.
ಬರಿಗಾಲು. ಎರಡೂ ಕೈಯಾಗ ತುಂಬಿದ ಕಪ್ಪು ಬಸಿ,
ಕಣ್ಣು ಚಾದ ಮ್ಯಾಲ.
ಬಾಗಲದಿಂದ ಮೂರು ಹೆಜ್ಜಿ. ನಾಕನೇದಕ್ಕ
ಎತ್ತಿದಳು ಕಾಲು,
ಇಲ್ಲದ ತೆರಿ ದಾಟಿ
ಹುಷಾರಾಗಿ ಆಚೆ ಇಟ್ಟಳು.

ಪರಸ್ಯಾ ಬಾಯಿ ತೆರದ; ಕಣ್ಣಿನಾಗ ತಡದೆ.
ಬಸ್ಯಾಗ ಒಂದ ಹನಿನೂ ಇರಲಿಲ್ಲ.