ಒಂಬತ್ತನೇ ಕೋಣೆ

ಗುಲಾಬಿ ಚೀಟಿ ಹಿಡಿದು ಬರುತ್ತಾರೆ ನನ್ನ ಬಳಿಗೆ.
ಒಂದು ಚೀಟಿ, ಒಂದು ತಪ್ಪು, ಒಂದು ಗಂಟೆ ಮೌನ.
ಗೋಡೆಗೆ ಮುಖ ಮಾಡಿದ ಆರು ಮೇಜು.
ಕಿಟಕಿಯಾಚೆ ಗ್ರಿಮ್ಸ್‌ಬಿ ಬಂದರಿನ ಕಡಲಹಕ್ಕಿಗಳ ಜಗಳ,
ಅವಕ್ಕೆ ಯಾರೂ ಚೀಟಿ ಬರೆಯುವುದಿಲ್ಲ.

ಹದಿನೇಳು ವರ್ಷದಿಂದ ಇಲ್ಲಿ ಕೂತಿದ್ದೇನೆ, ಗ್ಲೆನಿಸ್ ಥ್ರೆಲ್‌ಫಾಲ್,
ಅದಕ್ಕೂ ಮುಂಚೆ ಮೀನು ಸೀಳುವ ಶೆಡ್ಡಿನಲ್ಲಿ.
ಮುಳ್ಳು ಎಲ್ಲಿದೆಯೆಂದು ಕಣ್ಣಿಗಿಂತ ಮೊದಲು
ಬೆರಳಿಗೆ ಗೊತ್ತಾಗುವ ಕೆಲಸ ಅದು.

ಡೆಕ್ಲನ್‌ನ ಚೀಟಿಗಳನ್ನು ಒಂದು ಸಂಜೆ
ಇಸ್ಪೀಟಿನಂತೆ ಮೇಜಿನ ಮೇಲೆ ಹರಡಿದೆ.
ಕುರ್ಚಿ ಒದ್ದ. ಪಕ್ಕದವನ ಪೆನ್ಸಿಲ್ ಮುರಿದ.
ಹಂದಿಯಂತೆ ಗುಟುರು ಹಾಕಿದ. ಮತ್ತೆ ಕುರ್ಚಿ.
ತಪ್ಪು ಬೇರೆ ಬೇರೆ, ಹೊತ್ತು ಮಾತ್ರ ಒಂದೇ:
ಮಂಗಳವಾರ, ಗುರುವಾರ, ಹತ್ತೂ ಇಪ್ಪತ್ತರ ಆಸುಪಾಸು.

ಹತ್ತಕ್ಕೆ ಓದುವ ತರಗತಿ.
ಮೊದಲ ಸಾಲಿನಿಂದ ಸರದಿ ಹೊರಡುತ್ತದೆ,
ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ, ಗಟ್ಟಿಯಾಗಿ.
ಮೂರನೇ ಸಾಲಿನ ಕಿಟಕಿಯ ಮೂಲೆಗೆ ತಲುಪಲು
ಇಪ್ಪತ್ತು ನಿಮಿಷ ಬೇಕು.
ಮುಳ್ಳು ಬೆರಳಿಗೆ ಸಿಕ್ಕಿತು, ಗಡಿಯಾರದಲ್ಲಿ.

ಆಲ್ಡಸ್ ಮೇಷ್ಟರಿಗೆ ಹೇಳಿದೆ. ಹೊಸಬರು, ಇಪ್ಪತ್ಮೂರು ವಯಸ್ಸು,
ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.
"ಹದ್ದುಬಸ್ತಿನಲ್ಲಿಡದಿದ್ದರೆ ತಲೆಯ ಮೇಲೆ ಕೂರುತ್ತಾರೆ" ಅಂದರು.
ಅಂದದ್ದು ಅವರಲ್ಲ, ಅವರ ಹೆದರಿಕೆ.
ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟೆ.
ಮರುವಾರ ಸರದಿ ನಿಂತುಹೋಯಿತು.
ಕೈ ಎತ್ತಿದವರಷ್ಟೇ ಓದಿದರಂತೆ.

ಚೀಟಿ ಬರಲಿಲ್ಲ. ಎರಡು ವಾರ ಬರಲಿಲ್ಲ.
ಖುಷಿಪಡಬೇಕಿತ್ತು.
ಅವನ ಮೇಜಿನ ಧೂಳು ಒರೆಸಿದೆ, ಸುಮ್ಮನೆ.

ಆಮೇಲೊಂದು ಗುರುವಾರ ಬಂದ, ಬರಿಗೈಯಲ್ಲಿ.
"ಚೀಟಿ ಎಲ್ಲಿ?"
"ಇಲ್ಲ."
"ಮತ್ಯಾಕೆ ಬಂದೆ?"
ಬಾಗಿಲು ಭದ್ರವಾಗಿ ಮುಚ್ಚಿದೆಯೇ ನೋಡಿಕೊಂಡು
ಅದರ ಹಿಂದಿನ ಫಲಕಕ್ಕೆ ಮುಖ ಮಾಡಿ ನಿಂತ,
ಶುರು ಮಾಡಿದ:
ಬೆಂ ಕಿ ಕಂ ಡಾ ಗ
ಓ ಡ ಬೇ ಡಿ.
ಸಾ ಲಾ ಗಿ
ನಡೆ
ನಡೆಯಿರಿ.

ಆರು ಸಾಲು. ಹನ್ನೊಂದು ನಿಮಿಷ.
ನಡುವೆ ಎರಡು ಸಲ ಕುರ್ಚಿಯ ಕಾಲನ್ನು ನೋಡಿದ, ಒದೆಯಲಿಲ್ಲ.
'ನಿರ್ಗಮನ' ಎಂಬಲ್ಲಿ ಮುಗ್ಗರಿಸಿ
ತನ್ನದೇ ಒಂದು ಪದ ಹೊಸೆದ.
ನಾನು ತಿದ್ದಲಿಲ್ಲ.

ಚೀಟಿಯಿಲ್ಲದವನನ್ನು ಒಳಗೆ ಬಿಟ್ಟದ್ದಕ್ಕೆ
ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಬರೆದೆ:
ಗಾಳಿ ಜೋರಿತ್ತು. ಬಾಗಿಲು ತಾನಾಗಿ ತೆರೆಯಿತು.